ರಾಷ್ಟ್ರವಾಗದ ಪ್ರಭುತ್ವ: ಸ್ವತಂತ್ರ ಹೈದರಾಬಾದಿನ 399 ದಿನಗಳು ಮತ್ತು ಎಡೆದೊರೆ ನಾಡು

1. ಪ್ರಸ್ತಾವನೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಸಾಹತು ಆಳ್ವಿಕೆಯಿಂದ ಬಿಡುಗಡೆ ಪಡೆದ ದೇಶಗಳ ಚರಿತ್ರೆಯನ್ನು ಬರೆಯುವಾಗ ‘ರಾಷ್ಟ್ರನಿರ್ಮಾಣ’ ಎಂಬ ಪರಿಕಲ್ಪನೆ ಮತ್ತೆ ಮತ್ತೆ ಬಳಕೆಯಾಗುತ್ತದೆ. ಪ್ರಭುತ್ವ ಮತ್ತು ರಾಷ್ಟ್ರ ಇವೆರಡೂ ಒಂದೇ ಅಲ್ಲ. ಸೈನ್ಯ, ನಾಣ್ಯ, ಅಂಚೆ, ನ್ಯಾಯಾಲಯ, ಕಂದಾಯ ವ್ಯವಸ್ಥೆಗಳು ಪ್ರಭುತ್ವದ ಅಂಗಗಳು. ಅವುಗಳನ್ನು ಆಜ್ಞೆಯಿಂದ ಕಟ್ಟಬಹುದು. ರಾಷ್ಟ್ರವೆಂಬುದು ಅಲ್ಲಿ ಬದುಕುವ ಜನ ಆ ಪ್ರಭುತ್ವವನ್ನು ತಮ್ಮದೆಂದು ಒಪ್ಪಿಕೊಂಡಾಗ ಮಾತ್ರ ರೂಪುಗೊಳ್ಳುತ್ತದೆ. ಈ ಒಪ್ಪಿಗೆಯನ್ನು ಗಳಿಸುವ ಕೆಲಸವೇ ರಾಜಕೀಯ ನಾಯಕತ್ವದ ಮುಖ್ಯ ಹೊಣೆ.

ಕನ್ನಡ ನಾಡಿನ ಒಂದು ಭಾಗ ಇಂಥ ‘ಹೊಸ ಸ್ವತಂತ್ರ ದೇಶ’ವೊಂದರ ಒಳಗೆ ಕೆಲಕಾಲ ಬದುಕಿತ್ತು ಎಂಬ ಸಂಗತಿ ಏಕೀಕರಣದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ, ಅಂದರೆ 399 ದಿನಗಳ ಕಾಲ, ರಾಯಚೂರು, ಗುಲಬರ್ಗಾ ಮತ್ತು ಬೀದರ ಜಿಲ್ಲೆಗಳು ಭಾರತ ಒಕ್ಕೂಟಕ್ಕೆ ಸೇರಿರಲಿಲ್ಲ. ಅವು ಸ್ವತಂತ್ರವೆಂದು ಘೋಷಿಸಿಕೊಂಡ ಹೈದರಾಬಾದ್ ಪ್ರಭುತ್ವದ ಜಿಲ್ಲೆಗಳಾಗಿದ್ದವು. ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಪಾಮನಕಲ್ಲೂರಿನಂತಹ ಗ್ರಾಮಗಳ ಜನ ಆ ದಿನಗಳಲ್ಲಿ ಯಾವ ದೇಶದ ಪ್ರಜೆಗಳು ಎಂಬ ಪ್ರಶ್ನೆಗೆ ದೆಹಲಿ ಮತ್ತು ಹೈದರಾಬಾದುಗಳು ಬೇರೆ ಬೇರೆ ಉತ್ತರ ಕೊಡುತ್ತಿದ್ದವು. ಆ ಪ್ರಭುತ್ವ ರಾಷ್ಟ್ರವಾಗಲು ಏಕೆ ಸಾಧ್ಯವಾಗಲಿಲ್ಲ, ಅದರ ಎದುರು ನಿಂತ ನಾಯಕತ್ವ ಏನನ್ನು ಕಟ್ಟಿತು, ಏನನ್ನು ಕಟ್ಟದೆ ಉಳಿಸಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಎಡೆದೊರೆ: ಕೈ ಬದಲಿಸುತ್ತ ಬಂದ ನೆಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆಯುತ್ತವೆ. ಮುಂದೆ ಇದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ಬಂದಿತು. ವಿಜಯನಗರ ಮತ್ತು ಬಹಮನಿ ಅರಸರ ನಡುವಿನ ಯುದ್ಧಗಳಿಗೆ ಈ ನೆಲವೇ ಪ್ರಮುಖ ಕಾರಣವಾಗಿದ್ದುದು ತಿಳಿದ ವಿಷಯ. ಆಧುನಿಕ ಕಾಲದಲ್ಲಿಯೂ ಈ ಕೈಬದಲು ನಿಲ್ಲಲಿಲ್ಲ. 1853ರ ಒಪ್ಪಂದದಂತೆ ನಿಜಾಮನು ಬೇರಾರ್ ಮತ್ತು ಧಾರಾಶಿವದ ಜೊತೆಗೆ ರಾಯಚೂರು ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. 1860ರಲ್ಲಿ ದೋಆಬು ನಿಜಾಮನಿಗೆ ಮರಳಿತು. ಸೈನ್ಯದ ದಂಡು ನೆಲೆಸಿದ್ದ ಲಿಂಗಸುಗೂರು ಕೆಲಕಾಲ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಪಡಿಸಲಾಯಿತು. ಆಳುವವರ ಹೆಸರು ಬದಲಾಗುತ್ತ ಹೋದರೂ ಈ ನಾಡಿನ ರೈತನಿಗೆ ಪ್ರಭುತ್ವವೆಂದರೆ ಬಹುಪಾಲು ಮಹಸೂಲು ವಸೂಲಿಯ ಯಂತ್ರವೇ ಆಗಿತ್ತು. ನಿಜಾಮನ ಸೀಮೆಯನ್ನು ಜನ ‘ಮೊಗಲಾಯಿ’ ಎಂದು ಕರೆಯುತ್ತಿದ್ದುದು ಗಮನಾರ್ಹ. ಮೊಗಲ್ ಸಾಮ್ರಾಜ್ಯ ಅಳಿದ ಬಹುಕಾಲದ ನಂತರವೂ ಉಳಿದ ಈ ಹೆಸರಿನಲ್ಲಿ ಆಳ್ವಿಕೆಯು ತಮ್ಮದಲ್ಲ, ದೂರದ್ದು ಎಂಬ ಭಾವ ಸೂಚಿತವಾಗಿದೆ.

ಇದೇ ನೆಲದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನಿಗೆ ಅಶೋಕನ ಬಂಡೆಗಲ್ಲಿನ ಶಾಸನ ದೊರೆಯಿತು. ಅದುವರೆಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಷ್ಟೇ ತಿಳಿದಿದ್ದ ದೊರೆ ಅಶೋಕನೇ ಎಂಬುದನ್ನು ಅವನ ಹೆಸರಿನೊಂದಿಗೆ ಖಚಿತಪಡಿಸಿದ ಮೊದಲ ಶಾಸನವದು. ಅದನ್ನು ಪ್ರಕಟಿಸಿದ್ದು ನಿಜಾಮ ಸರ್ಕಾರದ ಪ್ರಾಚ್ಯವಸ್ತು ಇಲಾಖೆ. ಮೂವತ್ತೈದು ವರ್ಷಗಳ ನಂತರ ಅಶೋಕನ ಸಿಂಹಸ್ತಂಭವು ಭಾರತ ಗಣರಾಜ್ಯದ ಲಾಂಛನವಾಯಿತು. ದೊಡ್ಡವರಂತೆ ಸಣ್ಣವರೂ ಧರ್ಮವನ್ನು ಸಾಧಿಸಬಲ್ಲರು ಎಂಬ ಆ ಶಾಸನದ ಆಶಯವನ್ನು ಆಧುನಿಕ ಪ್ರಜಾಸತ್ತೆಯೊಂದಿಗೆ ಸಮೀಕರಿಸುವುದು ಸರಿಯಲ್ಲ. ಆದರೂ ಪ್ರಭುತ್ವವು ತನ್ನ ಮಾತನ್ನು ಜನರಾಡುವ ನುಡಿಗೆ ಹತ್ತಿರವಾದ ಪ್ರಾಕೃತದಲ್ಲಿ ಬರೆಯಿಸಿದ ಆ ನೆಲದಲ್ಲಿಯೇ ಆಳುವವರ ಭಾಷೆ ಆಳಿಸಿಕೊಳ್ಳುವವರಿಗೆ ತಿಳಿಯದ ಸ್ಥಿತಿ ಇಪ್ಪತ್ತನೆಯ ಶತಮಾನದಲ್ಲಿ ಇದ್ದುದನ್ನು ಗಮನಿಸದೆ ಇರಲಾಗದು.

3. ಅಂಗಗಳೆಲ್ಲ ಇದ್ದ ಪ್ರಭುತ್ವ

1947ರ ಜೂನ್ ತಿಂಗಳಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ಬ್ರಿಟಿಷರ ಪರಮಾಧಿಕಾರ ಕೊನೆಗೊಂಡೊಡನೆ ತಾನು ಸ್ವತಂತ್ರ ಸಾರ್ವಭೌಮನಾಗುವುದಾಗಿ ಫರ್ಮಾನು ಹೊರಡಿಸಿದನು. ಈ ಘೋಷಣೆಗೆ ಬೇಕಾದ ಬಾಹ್ಯ ಸಾಮಗ್ರಿ ಹೈದರಾಬಾದಿನಲ್ಲಿ ಸಾಕಷ್ಟಿತ್ತು. ಸುಮಾರು 82,000 ಚದರ ಮೈಲಿಗಳ ವಿಸ್ತೀರ್ಣ, 1941ರ ಜನಗಣತಿಯಂತೆ 1.63 ಕೋಟಿ ಜನಸಂಖ್ಯೆ, ಸ್ವಂತ ಸೈನ್ಯ, ಸ್ವಂತ ಅಂಚೆ, ಸ್ವಂತ ರೈಲು, ‘ಹಾಲಿ ಸಿಕ್ಕಾ’ ಎಂಬ ಸ್ವಂತ ನಾಣ್ಯ, ಒಂದು ವಿಶ್ವವಿದ್ಯಾಲಯ ಇವೆಲ್ಲ ಇದ್ದವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಗಾಗಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾದುದೂ 1947ರಲ್ಲಿಯೇ. 1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ಎರಡೂ ದಡಗಳಲ್ಲಿ ಅಡಿಗಲ್ಲು ಹಾಕಿದ್ದವು. ನಿಜಾಮ ಪ್ರಭುತ್ವವನ್ನು ಕೇವಲ ಹಿಂದುಳಿದ ಊಳಿಗಮಾನ್ಯ ವ್ಯವಸ್ಥೆಯೆಂದು ಚಿತ್ರಿಸುವುದು ಈ ಕಾರಣದಿಂದ ಅಪೂರ್ಣವಾಗುತ್ತದೆ.

ಆದರೆ ಒಪ್ಪಿಗೆಯನ್ನು ಗಳಿಸುವ ಸಂಸ್ಥೆಗಳು ಅಲ್ಲಿ ಇರಲಿಲ್ಲ. ಮಂತ್ರಿಮಂಡಲವು ಶಾಸನಸಭೆಗೆ ಹೊಣೆಯಾಗಿರಲಿಲ್ಲ. ಸಾರ್ವಜನಿಕ ಸಭೆಗಳಿಗೆ ಮುಂಚಿತ ಅನುಮತಿ ಬೇಕೆನ್ನುವ ‘ಗಶ್ತಿ ನಿಶಾನ್ 53’ ಎಂಬ ಸುತ್ತೋಲೆ ಸಾಂಸ್ಕೃತಿಕ ಕೂಟಗಳನ್ನೂ ಅನುಮಾನದಿಂದ ನೋಡುತ್ತಿತ್ತು. ಭೂಮಿಯ ಸುಮಾರು ಶೇಕಡಾ 60ರಷ್ಟು ಭಾಗ ಮಾತ್ರ ನೇರವಾಗಿ ಸರ್ಕಾರದ ದಿವಾನಿ ಆಡಳಿತದಲ್ಲಿತ್ತು. ಸುಮಾರು ಶೇಕಡಾ 30 ಜಹಗೀರುಗಳಲ್ಲಿಯೂ ಶೇಕಡಾ 10 ನಿಜಾಮನ ಸ್ವಂತ ‘ಸರ್ಫ್-ಎ-ಖಾಸ್’ನಲ್ಲಿಯೂ ಹಂಚಿಹೋಗಿತ್ತು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟದಂತಹ ಸಂಸ್ಥಾನಗಳೂ ಇದ್ದವು. ಒಂದೇ ತಾಲ್ಲೂಕಿನ ಎರಡು ಗ್ರಾಮಗಳ ರೈತರು ಎರಡು ಬಗೆಯ ಅಧಿಕಾರಕ್ಕೆ ಒಳಪಟ್ಟಿರುವಾಗ ‘ನಾವೆಲ್ಲರೂ ಒಂದು ದೇಶದ ಪ್ರಜೆಗಳು’ ಎಂಬ ಭಾವನೆ ಬೆಳೆಯುವುದು ಸುಲಭವಿರಲಿಲ್ಲ.

ನಾಯಕತ್ವದ ಆಯ್ಕೆಯಲ್ಲಿಯೂ ಈ ಕೊರತೆ ಕಾಣುತ್ತದೆ. ಮೈಸೂರಿನ ದಿವಾನರಾಗಿ ಹೆಸರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ 1946ರಲ್ಲಿ ಹೈದರಾಬಾದಿನ ಪ್ರಧಾನಿಯಾಗಿ ಬಂದರು. ಇತ್ತೆಹಾದ್-ಉಲ್-ಮುಸ್ಲಿಮೀನ್ ಸಂಘಟನೆಯ ವಿರೋಧದ ನಡುವೆ 1947ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಟರು. 1947ರ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಏರ್ಪಟ್ಟಿತು. ಅದರ ಬೆನ್ನಲ್ಲೇ ಉದ್ಯಮಿ ಮೀರ್ ಲಾಯಕ್ ಅಲಿ ಪ್ರಧಾನಿಯಾದರು. ಆಡಳಿತದ ನಿಜವಾದ ಒತ್ತಡ ಮಾತ್ರ ಕಾಸಿಂ ರಜ್ವಿ ಮತ್ತು ಅವನ ರಜಾಕಾರ ಪಡೆಯ ಕೈಸೇರಿತು. ಆ ಸರ್ಕಾರದ ಗಮನ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲಪತ್ರ ಒದಗಿಸುವುದು, ಕರಾಚಿಯಿಂದ ವಿಮಾನದಲ್ಲಿ ಶಸ್ತ್ರಾಸ್ತ್ರ ತರಿಸುವುದು, 1948ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸುವುದು ಇವುಗಳ ಮೇಲೆ ಕೇಂದ್ರೀಕೃತವಾಗಿತ್ತು. ಹೊರಗಿನ ಮಾನ್ಯತೆಗಾಗಿ ನಡೆದ ಪ್ರಯತ್ನದ ಅಲ್ಪಭಾಗವೂ ಒಳಗಿನ ಒಪ್ಪಿಗೆಗಾಗಿ ನಡೆಯಲಿಲ್ಲ. ನೆರೆಯ ಮೈಸೂರಿನಲ್ಲಿ ‘ಮೈಸೂರು ಚಲೋ’ ಚಳವಳಿಯ ಒತ್ತಡಕ್ಕೆ ಮಹಾರಾಜರು ಮಣಿದು 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರಕ್ಕೆ ಅವಕಾಶ ಕೊಟ್ಟುದನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

4. ಭಾಷೆಯ ಪ್ರಶ್ನೆ

ಹೈದರಾಬಾದಿನ ಜನಸಂಖ್ಯೆಯಲ್ಲಿ ತೆಲುಗು ಮಾತನಾಡುವವರು ಅರ್ಧದಷ್ಟು, ಮರಾಠಿಗರು ಕಾಲುಭಾಗದಷ್ಟು, ಕನ್ನಡಿಗರು ಶೇಕಡಾ 12ರ ಆಸುಪಾಸಿನಲ್ಲಿದ್ದರು. ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲಿ ಒಬ್ಬರು. ಆದರೆ ಆಡಳಿತ, ನ್ಯಾಯ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವೊಂದೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷಿನ ಬದಲು ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಲು ಹೊರಟಿತು. ಅದರ ಅನುವಾದ ಸಂಸ್ಥೆ ನಡೆಸಿದ ಪಾರಿಭಾಷಿಕ ಪದನಿರ್ಮಾಣದ ಕಾರ್ಯ ಇಂದಿಗೂ ಅಧ್ಯಯನಯೋಗ್ಯ. ಆದರೆ ರಾಯಚೂರಿನ ಹಳ್ಳಿಯ ಹುಡುಗನಿಗೆ ಆ ‘ದೇಶಭಾಷೆ’ಯೂ ಇಂಗ್ಲಿಷಿನಷ್ಟೇ ಪರಭಾಷೆಯಾಗಿತ್ತು. ವಸಾಹತುಶಾಹಿಯ ಎದುರು ಬಿಡುಗಡೆಯ ಸಾಧನವಾದ ಭಾಷೆ ಪ್ರಾಂತದ ಒಳಗೆ ಹೊರಗಿಡುವ ಸಾಧನವಾಗಬಲ್ಲದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಲೋಕಾನುಭವವೂ ಇದನ್ನು ಸಮರ್ಥಿಸುತ್ತದೆ. 1956ರಲ್ಲಿ ಶ್ರೀಲಂಕಾ (ಅಂದಿನ ಸಿಲೋನ್) ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿ ತಮಿಳರನ್ನು ದೂರಮಾಡಿಕೊಂಡಿತು. 1965ರಲ್ಲಿ ಮಲೇಷಿಯಾದಿಂದ ಬೇರ್ಪಟ್ಟ ಪುಟ್ಟ ಸಿಂಗಪುರವು ಮಲಯ, ಚೀನೀ, ತಮಿಳು, ಇಂಗ್ಲಿಷ್ ಈ ನಾಲ್ಕನ್ನೂ ಅಧಿಕೃತವಾಗಿ ಉಳಿಸಿಕೊಂಡಿತು. ಸಿಂಗಪುರದ ರಾಜಕೀಯ ಸ್ವಾತಂತ್ರ್ಯದ ಮಿತಿಗಳು ಬೇರೆಯ ಚರ್ಚೆ. ಬಹುಭಾಷಿಕ ಸಮಾಜದಲ್ಲಿ ಪ್ರಭುತ್ವವು ಯಾರ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದು ರಾಷ್ಟ್ರನಿರ್ಮಾಣದ ಆರಂಭದ ಹೆಜ್ಜೆಯಲ್ಲಿಯೇ ನಿರ್ಣಾಯಕವಾಗುತ್ತದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

5. ಪರ್ಯಾಯ ನಾಯಕತ್ವದ ನೆಲೆಗಳು

ರಾಜಕೀಯ ಸಂಘಟನೆಗೆ ಅವಕಾಶವಿಲ್ಲದ ಕಡೆ ನಾಯಕತ್ವವು ಶಾಲೆ, ಗ್ರಂಥಾಲಯ ಮತ್ತು ಸಾಹಿತ್ಯ ಸಮ್ಮೇಳನಗಳಲ್ಲಿ ರೂಪುಗೊಂಡಿತು. ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಕಟ್ಟಿದ ‘ಹಮ್‌ದರ್ದ್’ ಶಾಲೆಯ ಹೆಸರು ಉರ್ದುವಿನದು. ಅದರ ಆಶಯ ಹಿಂದೂ ಮುಸ್ಲಿಂ ಸೌಹಾರ್ದ ಮತ್ತು ಸ್ವಾವಲಂಬಿ ಶಿಕ್ಷಣ. ಸರ್ಕಾರದ ಅವಕೃಪೆಯಿಂದ ಅವರು ರಾಯಚೂರನ್ನು ಬಿಟ್ಟು ತುಂಗಭದ್ರೆಯ ಆಚೆ ದಡದ ಬ್ರಿಟಿಷ್ ಸೀಮೆಯಲ್ಲಿ ‘ಪ್ರೇಮಾಯತನ’ವನ್ನು ಕಟ್ಟಬೇಕಾಯಿತು. 1928ರಲ್ಲಿ ಗುಲಬರ್ಗಾದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಗಳು ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡಿಗರನ್ನು ಒಂದೆಡೆ ಸೇರಿಸಿದವು. ಇವನ್ನು ಸಾಹಿತ್ಯಕ ಘಟನೆಗಳೆಂದಷ್ಟೇ ಓದಿದರೆ ಅವುಗಳ ರಾಜಕೀಯ ಅರ್ಥ ತಪ್ಪಿಹೋಗುತ್ತದೆ.

1938ರಲ್ಲಿ ಹುಟ್ಟುವ ಮೊದಲೇ ನಿಷೇಧಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಪ್ರಮುಖ ನಾಯಕ ಸ್ವಾಮಿ ರಮಾನಂದ ತೀರ್ಥರು (1903-1972). ಕನ್ನಡ ನೆಲದಲ್ಲಿ ಹುಟ್ಟಿ, ಮರಾಠವಾಡದಲ್ಲಿ ಶಿಕ್ಷಕರಾಗಿ, ಹೈದರಾಬಾದಿನಲ್ಲಿ ಹೋರಾಟ ನಡೆಸಿದ ಅವರ ಬದುಕು ಮೂರು ಭಾಷಾ ಪ್ರಾಂತಗಳನ್ನು ಹೆಣೆದಿತ್ತು. 1947ರ ಆಗಸ್ಟ್ 15ರಂದು ಬಂಧಿತರಾದ ಅವರು ಒಪ್ಪಂದದ ಬಳಿಕ ಬಿಡುಗಡೆಯಾಗಿ 1948ರ ಜನವರಿಯಲ್ಲಿ ಮತ್ತೆ ಬಂಧನಕ್ಕೊಳಗಾದರು. ನಾಯಕರು ಸೆರೆಮನೆಯಲ್ಲಿದ್ದಾಗ ಚಳವಳಿಯ ಭಾರವನ್ನು ಹೊತ್ತದ್ದು ಗಡಿಯಾಚೆಯ ಶಿಬಿರಗಳು. ಮುಂಡರಗಿ ಶಿಬಿರವನ್ನು ಅಳವಂಡಿ ಶಿವಮೂರ್ತಿ ಸ್ವಾಮಿಯವರೂ ಗಜೇಂದ್ರಗಡ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಸಿದರು. ಕರೋಡಗಿರಿ ನಾಕೆಗಳ ಮೇಲಿನ ದಾಳಿ, ಲೇವಿ ಧಾನ್ಯ ಕೊಡದಿರುವುದು, ರಜಾಕಾರರಿಂದ ಗ್ರಾಮಗಳ ರಕ್ಷಣೆ ಇವು ಶಿಬಿರಗಳ ಕಾರ್ಯಗಳಾಗಿದ್ದವು. ಸುಂಕದ ಕಟ್ಟೆ ಮತ್ತು ಧಾನ್ಯದ ಕಣಜ ಇವೆರಡೇ ಹಳ್ಳಿಗರು ನಿತ್ಯವೂ ಕಾಣುತ್ತಿದ್ದ ಪ್ರಭುತ್ವದ ಮುಖಗಳು. ಆದುದರಿಂದ ಪ್ರತಿಭಟನೆಯೂ ಅಲ್ಲಿಯೇ ತೊಡಗಿತು.

ವಿಮೋಚನೆಯ ಪ್ರಚಲಿತ ಕಥನ ಮರೆತಿರುವ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಹೋರಾಟವನ್ನು ಕೋಮುಗಳ ಕಾಳಗವಾಗಿ ಕಾಣುವುದು ಸತ್ಯಕ್ಕೆ ದೂರ. ಭಾರತದೊಡನೆ ವಿಲೀನವನ್ನು ಬೆಂಬಲಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಕೊಲೆಯಾದರು. ಎರಡನೆಯದಾಗಿ, ದಲಿತ ನಾಯಕತ್ವ ಒಂದೇ ದಾರಿ ಹಿಡಿಯಲಿಲ್ಲ. ಬಿ. ಎಸ್. ವೆಂಕಟರಾವ್ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿದ್ದರು, ಬಿ. ಶ್ಯಾಮಸುಂದರ್ ಹೈದರಾಬಾದಿನ ನಿಯೋಗದೊಂದಿಗೆ ವಿಶ್ವಸಂಸ್ಥೆಗೆ ಹೋದರು. ಡಾ. ಅಂಬೇಡ್ಕರ್ ಅವರು 1947ರ ನವೆಂಬರಿನಲ್ಲಿಯೇ ನಿಜಾಮನ ಪಕ್ಷ ವಹಿಸದಂತೆ ಪರಿಶಿಷ್ಟರಿಗೆ ಕರೆ ಕೊಟ್ಟಿದ್ದರು. ಮುಂದೆ 1968ರಲ್ಲಿ ಗುಲಬರ್ಗಾದಲ್ಲಿ ‘ಭೀಮಸೇನೆ’ಯನ್ನು ಕಟ್ಟಿದವರು ಇದೇ ಶ್ಯಾಮಸುಂದರ್. ಜಮೀನ್ದಾರಿ ಮತ್ತು ಜಾತಿಯ ಹಿಡಿತದಲ್ಲಿದ್ದ ಹಳ್ಳಿಯಲ್ಲಿ ‘ವಿಮೋಚನೆ’ ಯಾರಿಂದ, ಯಾರಿಗೆ ಎಂಬ ಪ್ರಶ್ನೆ ಅವರ ಆಯ್ಕೆಗಳ ಹಿಂದೆ ಇತ್ತು.

6. ಸೆಪ್ಟೆಂಬರ್ 1948: ಬಿಡುಗಡೆ ಮತ್ತು ಗಾಯ

1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಆ ದಿನಗಳ ಭಯಕ್ಕೆ ಸಾಕ್ಷಿ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದನ್ನು ಪ್ರವೇಶಿಸಿತು. 17ರಂದು ನಿಜಾಮನು ರೇಡಿಯೋದಲ್ಲಿ ಕದನವಿರಾಮ ಸಾರಿದನು. ಅಂಗಗಳೆಲ್ಲ ಇದ್ದ ಪ್ರಭುತ್ವ ಐದೇ ದಿನಗಳಲ್ಲಿ ಕುಸಿದದ್ದು ಕೇವಲ ಸೈನಿಕ ಬಲದ ಅಂತರದಿಂದಲ್ಲ. ಅದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಪ್ರಜೆಗಳ ಬಹುಭಾಗದಲ್ಲಿ ಇರಲಿಲ್ಲ.

ಆದರೆ ‘ಪೊಲೀಸ್ ಕಾರ್ಯಾಚರಣೆ’ಯ ಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ. ಅನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ನೇತೃತ್ವದ ತಂಡವು ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಾಗಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಆ ವರದಿ ಸಾರ್ವಜನಿಕರಿಗೆ ಲಭ್ಯವಾದುದು 2013ರಲ್ಲಿ. ಗೋರಟಾವನ್ನು ನೆನೆಯುವ ಚರಿತ್ರೆ ಇದನ್ನೂ ನೆನೆಯಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಬರವಣಿಗೆ ಸ್ಮರಣೆಯನ್ನು ಸಾಕ್ಷ್ಯದಿಂದ ಬೇರ್ಪಡಿಸುತ್ತದೆ. ಹೊಸ ರಾಜ್ಯದ ಕಟ್ಟುವಿಕೆಯು ಈ ಎರಡೂ ಗಾಯಗಳ ನಡುವೆ ಆರಂಭವಾಯಿತು.

7. ಕಟ್ಟುವಿಕೆ ಮತ್ತು ವಿಸರ್ಜನೆ: 1948-1956

ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೈನಿಕ ಆಡಳಿತ, 1950ರಿಂದ ಎಂ. ಕೆ. ವೆಲ್ಲೋಡಿಯವರ ನಾಗರಿಕ ಆಡಳಿತ, 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣರಾಯರ ಚುನಾಯಿತ ಸರ್ಕಾರ ಇವು ಅನುಕ್ರಮವಾಗಿ ಬಂದವು. 1949ರಲ್ಲಿ ಜಹಗೀರುಗಳು ರದ್ದಾದವು. ಸರ್ಫ್-ಎ-ಖಾಸ್ ಭೂಮಿ ಸರ್ಕಾರಕ್ಕೆ ಸೇರಿತು. 1950ರ ಗೇಣಿ ಕಾಯಿದೆ ಉಳುವವನಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. 1952ರಲ್ಲಿ ರಮಾನಂದ ತೀರ್ಥರು ಗುಲಬರ್ಗಾದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ, ಶಿವಮೂರ್ತಿ ಸ್ವಾಮಿಯವರು ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಐದು ವರ್ಷಗಳ ಹಿಂದೆ ಸಭೆ ಸೇರಲು ಅನುಮತಿ ಬೇಡಬೇಕಾಗಿದ್ದ ಪ್ರಜೆ ಈಗ ಮತದಾರನಾದನು.

ತಾವು ಬಿಡುಗಡೆಗೊಳಿಸಿದ ರಾಜ್ಯವನ್ನು ತಾವೇ ವಿಸರ್ಜಿಸಬೇಕೆಂದು ಕೇಳಿದ ನಾಯಕರು ವಿರಳ. ರಮಾನಂದ ತೀರ್ಥರು ಹೈದರಾಬಾದನ್ನು ಭಾಷಾವಾರು ಹಂಚಬೇಕೆಂದು ದೃಢವಾಗಿ ವಾದಿಸಿದರು. ನಿಜಾಮಶಾಹಿಯ ಚೌಕಟ್ಟು ಉಳಿದರೆ ಜನರ ಭಾಷೆಗಳಿಗೆ ಆಡಳಿತದಲ್ಲಿ ಸ್ಥಾನ ದೊರೆಯದೆಂಬುದು ಆ ವಾದದ ತಿರುಳು. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಸಲ್ಲಿಸಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳನ್ನು ಬಿಟ್ಟು, ಗುಲಬರ್ಗಾ ಜಿಲ್ಲೆ ಕೊಡಂಗಲ್ ಮತ್ತು ತಾಂಡೂರುಗಳನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಬೀದರದ ನಾಲ್ಕು ತಾಲ್ಲೂಕುಗಳೂ ಬಂದವು. ಅದೇ ವರ್ಷ ರಾಯಚೂರಿನಲ್ಲಿ ಆದ್ಯ ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು.

ಇಲ್ಲಿ ಒಂದು ಕೊರತೆಯನ್ನು ಗುರುತಿಸಬೇಕು. ಆಂಧ್ರದೊಡನೆ ಸೇರುವಾಗ ತೆಲಂಗಾಣದ ನಾಯಕರು 1956ರ ಫೆಬ್ರವರಿಯಲ್ಲಿ ಉದ್ಯೋಗ, ಶಿಕ್ಷಣ, ವೆಚ್ಚಗಳ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಂಡರು. ಕನ್ನಡ ಜಿಲ್ಲೆಗಳ ನಾಯಕರು ಅಂತಹ ಕರಾರು ಕೇಳಲಿಲ್ಲ. ಭಾಷೆಯ ಬಾಂಧವ್ಯವೇ ಸಾಕೆಂದು ನಂಬಿದರು. ತೆಲಂಗಾಣದ ಒಪ್ಪಂದ ಸರಿಯಾಗಿ ಪಾಲನೆಯಾಗಲಿಲ್ಲವೆಂಬುದು ನಿಜ. ಆದರೆ ಅದು ಮುಂದಿನ ಬೇಡಿಕೆಗಳಿಗೆ ಆಧಾರಪತ್ರವಾಯಿತು. ಹೈದರಾಬಾದ್ ಕರ್ನಾಟಕಕ್ಕೆ ಅಂಥ ಆಧಾರ ದೊರೆಯಲು 2012ರ ಸಂವಿಧಾನ ತಿದ್ದುಪಡಿಯವರೆಗೆ, ಅಂದರೆ 371(ಜೆ) ವಿಧಿಯವರೆಗೆ, ಐವತ್ತಾರು ವರ್ಷ ಕಾಯಬೇಕಾಯಿತು. 2002ರ ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು ಎಂಬ ಅಂಶ ಆ ಕಾಯುವಿಕೆಯ ಬೆಲೆಯನ್ನು ತಿಳಿಸುತ್ತದೆ.

8. ಉಳಿದಿರುವ ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಯನ್ನು ಭತ್ತದ ನಾಡಾಗಿ ಮಾರ್ಪಡಿಸಿತು. ಅದೇ ದೋಆಬಿನ ಎತ್ತರದ ಭಾಗಗಳು ಎರಡು ನದಿಗಳ ನಡುವೆ ಇದ್ದೂ ಮಳೆಯನ್ನೇ ನೆಚ್ಚಿದವು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ಕೊನೆಯ ತಿಂಗಳುಗಳಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಆರಂಭಿಸಿದ ಧರಣಿ ತಿಂಗಳುಗಟ್ಟಲೆ ನಡೆದು, 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯ ಮುಖ್ಯ ವಿಷಯವಾಯಿತು. 1948ರಲ್ಲಿ ಲೇವಿ ಕೊಡೆನೆಂದ ರೈತ ಪ್ರಭುತ್ವದಿಂದ ದೂರವಿರಲು ಬಯಸಿದನು. ಈಗಿನ ರೈತ ಪ್ರಭುತ್ವ ತನ್ನ ಹೊಲದವರೆಗೆ ಬರಬೇಕೆಂದು ಕೇಳುತ್ತಾನೆ. ಸರ್ಕಾರವನ್ನು ತನ್ನದೆಂದು ಭಾವಿಸಿದವನು ಮಾತ್ರ ಹೀಗೆ ಪಟ್ಟುಹಿಡಿಯಬಲ್ಲ. ನಿಜಾಮಶಾಹಿಗೆ ದೊರೆಯದ ಒಪ್ಪಿಗೆ ಗಣರಾಜ್ಯಕ್ಕೆ ದೊರೆತಿದೆ. ಆ ಒಪ್ಪಿಗೆಯ ಋಣ ಮಾತ್ರ ಇನ್ನೂ ಪೂರ್ತಿ ಸಂದಿಲ್ಲ.

ಕರ್ನಾಟಕ ಸರ್ಕಾರ 1998ರಿಂದ ಸೆಪ್ಟೆಂಬರ್ 17ನ್ನು ಅಧಿಕೃತವಾಗಿ ಆಚರಿಸುತ್ತಿದೆ; 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದರೂ ಹಳೆಯ ಪ್ರಭುತ್ವದ ಗುರುತುಗಳು ಭಾಷೆಯಲ್ಲಿ ಉಳಿದಿವೆ. ‘ಮಾಲಿಪಾಟೀಲ’, ‘ಪೊಲೀಸ್ ಪಾಟೀಲ’ ಎಂಬ ಹುದ್ದೆಗಳು ಇಂದು ಮನೆತನದ ಅಡ್ಡಹೆಸರುಗಳು. ‘ರಜಾಕಾರರ ಹಾವಳಿ’ ಹಿರಿಯರ ಕಾಲಗಣನೆಯ ಗುರುತು. ಈ ಪದಗಳ ಹಿಂದಿನ ಸಾಮಾಜಿಕ ಚರಿತ್ರೆ ಕನ್ನಡ ಸಂಶೋಧನೆಯ ನೇರ ಕ್ಷೇತ್ರ.

ಎರಡು ಕೆಲಸಗಳು ತುರ್ತಾಗಿವೆ. 1956ಕ್ಕೆ ಹಿಂದಿನ ಕಂದಾಯ, ನ್ಯಾಯಾಲಯ ಮತ್ತು ಪೊಲೀಸ್ ದಾಖಲೆಗಳ ಬಹುಭಾಗ ಉರ್ದುವಿನಲ್ಲಿದೆ. ಕನ್ನಡ ವಿಭಾಗಗಳಲ್ಲಿ ಹಳಗನ್ನಡ ಲಿಪಿಯ ತರಬೇತಿ ಇರುವಂತೆ ಉರ್ದು ಲಿಪಿಯ ತರಬೇತಿಯೂ ದೊರೆತರೆ ಮಾತ್ರ ದೋಆಬಿನ ಹಳ್ಳಿಗಳ ಚರಿತ್ರೆ ನೇರ ಆಕರಗಳಿಂದ ಹೊರಬರುತ್ತದೆ. ಇನ್ನೊಂದು, ಮೌಖಿಕ ಸಾಕ್ಷ್ಯದ ಸಂಗ್ರಹ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರದಲ್ಲಿದ್ದಾರೆ. ಶಿಬಿರದಲ್ಲಿದ್ದವರು, ಹಳ್ಳಿಯಲ್ಲಿ ಉಳಿದವರು, ಊರು ಬಿಟ್ಟ ಮುಸ್ಲಿಂ ಕುಟುಂಬಗಳವರು, ಕೇರಿಯ ಜನರು, ಹೆಣ್ಣುಮಕ್ಕಳು ಇವರೆಲ್ಲರ ನೆನಪುಗಳೂ ದಾಖಲಾಗಬೇಕು. ನಾಯಕರ ಚರಿತ್ರೆ ಈಗಾಗಲೇ ಸಾಕಷ್ಟು ಬರೆಯಲ್ಪಟ್ಟಿದೆ. ಒಪ್ಪಿಗೆ ಕೊಟ್ಟ ಅಥವಾ ಕೊಡದೆ ಹಿಡಿದಿಟ್ಟುಕೊಂಡ ಜನರ ಚರಿತ್ರೆ ಬರೆಯಲು ಉಳಿದಿರುವ ಕಾಲ ಕಡಿಮೆ.